ಕಿಸೆಚಾಕುವಿನ ಉಕ್ಕು ಎಷ್ಟು ಗಡಸು ಇರಬೇಕು?

ಪ್ರಥಮ ಪಿಯುಸಿಯವರಿಗೆ ‘ಘನವಸ್ತುಗಳ ಯಾಂತ್ರಿಕ ಗುಣಗಳು’ ಪಾಠ ಮುಗಿಸಿ ಹೊರಗೆ ಬರುತ್ತಿದ್ದೆ. ಒಬ್ಬ ಹುಡುಗ ಹಿಂದಿನಿಂದ ಓಡಿ ಬಂದು ಒಂದು ಚೀಟಿ ತೋರಿಸಿದ. “ಸರ್, ಅಣ್ಣ ದುಬೈಯಿಂದ ರಜೆಗೆ ಬರ್ತಿದ್ದಾನೆ. ಮಡಚುವ ಚಾಕು ಒಂದು ತರ್ತೇನೆ ಅಂದಿದ್ದಾನೆ. ಒಂದರಲ್ಲಿ 56 ಎಚ್‌ಆರ್‌ಸಿ ಅಂತ ಉಂಟು, ಇನ್ನೊಂದರಲ್ಲಿ 62 ಅಂತ ಉಂಟು. 62 ಅಲ್ವಾ ಸರ್ ಒಳ್ಳೇದು?”

ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಅದಲ್ಲ. ಕೆಲವು ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ನಾನು “ದೊಡ್ಡ ಸಂಖ್ಯೆಯೇ ಒಳ್ಳೆಯದು” ಎಂದು ಉತ್ತರ ಕೊಟ್ಟುಕೊಂಡಿದ್ದೆ. ಆ ತಪ್ಪಿನ ಬೆಲೆ ತೆತ್ತವರು ನನ್ನ ಮಾಮ. ಹಾಗಾಗಿ ಆ ಹುಡುಗನಿಗೆ “ವಾರ್ತಾಪತ್ರದಲ್ಲಿ ಬರೆಯುತ್ತೇನೆ, ಓದು” ಎಂದೆ. ಅದೇ ಇದು.

ಮಾಮ ಗೇರು ನರ್ಸರಿಯೊಂದರಲ್ಲಿ ಕಸಿ ಕಟ್ಟುವವರು. ನಮ್ಮ ಜಿಲ್ಲೆಯವರಿಗೆ ಗೇರು ಕಸಿ ಹೊಸದಲ್ಲ, ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವೇ ಇದೆ. ನೋಡದವರಿಗಾಗಿ ಹೇಳುತ್ತೇನೆ: ಪ್ಲಾಸ್ಟಿಕ್ ಚೀಲದಲ್ಲಿ ಬೆಳೆದ, ಒಂದೂವರೆ ಎರಡು ತಿಂಗಳ ಸಸಿಯ ತಲೆ ಕತ್ತರಿಸಿ, ಎಳೆಯ ಕಾಂಡದ ನಡುವೆ ನಾಲ್ಕೈದು ಸೆಂಟಿಮೀಟರ್ ಆಳಕ್ಕೆ ಸೀಳುತ್ತಾರೆ. ಒಳ್ಳೆಯ ತಳಿಯ ಮರದಿಂದ ತಂದ, ಪೆನ್ಸಿಲ್ ದಪ್ಪದ ಕಡ್ಡಿಯ ಬುಡವನ್ನು ಬೆಣೆಯ ಹಾಗೆ ಎರಡು ಬದಿಯಿಂದ ಕೆತ್ತಿ ಆ ಸೀಳಿನೊಳಗೆ ಕೂರಿಸಿ ಪಾಲಿಥಿನ್ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಾರೆ. ಎರಡರ ಕ್ಯಾಂಬಿಯಂ ಪದರಗಳು ಒಂದಕ್ಕೊಂದು ತಾಗಿದರೆ ಮಾತ್ರ ಕಸಿ ಹಿಡಿಯುತ್ತದೆ. ಹಾಗಾಗಿ ಕೆತ್ತಿದ ಮುಖ ಗಾಜಿನ ಹಾಗೆ ನಯವಾಗಿರಬೇಕು, ಒಂದೇ ಎಳೆತಕ್ಕೆ ಬರಬೇಕು. ಚಾಕು ಮೊಂಡಾಗಿದ್ದರೆ ಜೀವಕೋಶಗಳು ಜಜ್ಜಿಹೋಗಿ ಒಣಗುತ್ತವೆ, ಇಲ್ಲವೇ ಕೊಳೆಯುತ್ತವೆ. ಮಾಮನಿಗೆ ಸಂಬಳ ಸಿಗುತ್ತಿದ್ದದ್ದು ಕಟ್ಟಿದ ಕಸಿಗಲ್ಲ, ಹಿಡಿದ ಕಸಿಗೆ.

ಅವರ ಹತ್ತಿರ ಇದ್ದದ್ದು ಹಳೆಯ, ಮರದ ಹಿಡಿಯ ಮಡಚುವ ಚಾಕು. ಮಸೆದು ಮಸೆದು ಅಲಗು ಅರ್ಧ ಸವೆದಿತ್ತು. ನನಗೆ ಕೆಲಸ ಸಿಕ್ಕಿದ ವರ್ಷ ಅವರಿಗೊಂದು ಹೊಸ ಚಾಕು ಕೊಡಿಸುವ ಆಸೆಯಾಯಿತು. ಆನ್‌ಲೈನ್‌ನಲ್ಲಿ ಹುಡುಕಿದೆ. ಡಿ2 ಉಕ್ಕು, 62 ಎಚ್‌ಆರ್‌ಸಿ ಎಂದಿತ್ತು. ಭೌತಶಾಸ್ತ್ರ ಓದಿದವನಲ್ಲವೇ, ಸಂಖ್ಯೆ ನೋಡಿ ಮರುಳಾದೆ. ಬೆಲೆಯೂ ಕಡಿಮೆಯೇನಿರಲಿಲ್ಲ.

ಮೊದಲ ವಾರ ಮಾಮ ಮೆಚ್ಚಿದರು. ಮೂರನೆಯ ವಾರ ಫೋನ್ ಮಾಡಿ, “ಮೋನೇ, ಇದು ಮಸೆಗಲ್ಲಿಗೆ ಬಗ್ಗುವುದಿಲ್ಲ” ಎಂದರು. ಚಾಕುವಿನ ಬಾಯಿಯಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹಲ್ಲುಗಳು ಎದ್ದಿದ್ದವು. ಸಸಿಯ ಬುಡಕ್ಕೆ ಮೆತ್ತಿದ ಮರಳು, ಚೀಲ ಕಟ್ಟಿದ ತಂತಿ ಯಾವುದಾದರೂ ತಾಗಿರಬಹುದು. ಹಳೆಯ ಚಾಕುವಾಗಿದ್ದರೆ ಹತ್ತು ನಿಮಿಷ ಮಸೆದು ಸರಿ ಮಾಡುತ್ತಿದ್ದರು. ಇದನ್ನು ಒಂದು ಗಂಟೆ ಉಜ್ಜಿದರೂ ಹಲ್ಲು ಹೋಗಲಿಲ್ಲ. ನಾನು ಕೊಟ್ಟ ಚಾಕು ಎಂಬ ಮರ್ಯಾದೆಗೆ ಅದರಲ್ಲೇ ಆ ಹಂಗಾಮು ಮುಗಿಸಿದರು. ಹಿಡಿಯದ ಕಸಿಗಳ ಲೆಕ್ಕವನ್ನು ನನಗೆ ಹೇಳಲಿಲ್ಲ. ಹೇಳಿದ್ದು ಮಾಮಿ.

ತಪ್ಪು ಎಲ್ಲಿ ಆಯಿತು ಎಂದು ತಿಳಿಯಲು ನಾನು ಮತ್ತೆ ಪುಸ್ತಕ ತೆರೆಯಬೇಕಾಯಿತು.

ಮೊದಲಿಗೆ, ಗಡಸುತನ ಎಂದರೇನು? ನಮ್ಮ ಪಠ್ಯದಲ್ಲಿ ಯಂಗ್ಸ್ ಮಾಡ್ಯುಲಸ್ ಇದೆ, ಉಕ್ಕಿಗೆ ಸುಮಾರು 200 ಗಿಗಾಪಾಸ್ಕಲ್. ತುಂಬ ಮಕ್ಕಳು ಇದನ್ನೇ ಗಡಸುತನ ಎಂದುಕೊಳ್ಳುತ್ತಾರೆ. ಅಲ್ಲ. ಒಂದೇ ಉಕ್ಕಿನ ಎರಡು ಪಟ್ಟಿ ತೆಗೆದುಕೊಳ್ಳಿ, ಒಂದು ಮೆತ್ತಗಿನದು, ಇನ್ನೊಂದು ಕಾಯಿಸಿ ನೀರಿಗದ್ದಿ ಗಡಸು ಮಾಡಿದ್ದು. ಎರಡಕ್ಕೂ ಒಂದೇ ಸಣ್ಣ ತೂಕ ತೂಗುಬಿಟ್ಟರೆ ಎರಡೂ ಹೆಚ್ಚುಕಡಿಮೆ ಒಂದೇ ಅಳತೆ ಬಾಗುತ್ತವೆ. ಮಾಡ್ಯುಲಸ್ ಬದಲಾಗುವುದಿಲ್ಲ ಎಂದೇ ಹೇಳಬಹುದು. ಬದಲಾಗುವುದು ಯೀಲ್ಡ್ ಪಾಯಿಂಟ್. ತೂಕ ಹೆಚ್ಚಿಸುತ್ತಾ ಹೋದರೆ ಮೆತ್ತಗಿನದು ಬೇಗ ಬಾಗಿ ಹಾಗೆಯೇ ಉಳಿಯುತ್ತದೆ. ಗಡಸು ಪಟ್ಟಿ ಇನ್ನೂ ತುಂಬ ಹೊತ್ತು ನೆಟ್ಟಗಾಗುತ್ತಲೇ ಇರುತ್ತದೆ, ಆಮೇಲೆ ಎಚ್ಚರಿಕೆ ಕೊಡದೆ ಟಕ್ಕನೆ ಮುರಿಯುತ್ತದೆ. ಗಡಸುತನವೆಂದರೆ ಮೇಲ್ಮೈ ತಗ್ಗಾಗದೆ, ಗೀರು ಬೀಳದೆ ನಿಲ್ಲುವ ಗುಣ. ಮುರಿಯದೆ, ಚಕ್ಕೆ ಏಳದೆ ಪೆಟ್ಟು ತಿನ್ನುವ ಗುಣ ಬೇರೆ. ಅದನ್ನು ತಾಳಿಕೆ ಎನ್ನೋಣ. ಸಾಮಾನ್ಯವಾಗಿ ಒಂದೇ ಉಕ್ಕಿನಲ್ಲಿ ಇವೆರಡರಲ್ಲಿ ಒಂದನ್ನು ಏರಿಸಿದರೆ ಇನ್ನೊಂದು ಇಳಿಯುತ್ತದೆ. ಚಾಕು ಮಾಡುವವನ ಇಡೀ ಕಷ್ಟ ಇರುವುದು ಇಲ್ಲೇ.

ಇನ್ನು ಆ ಎಚ್‌ಆರ್‌ಸಿ. ಅದು ರಾಕ್‌ವೆಲ್ ಸಿ ಮಾಪಕ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಬಾಲ್ ಬೇರಿಂಗ್ ತಯಾರಿಕೆಯಲ್ಲಿದ್ದ ಹ್ಯೂ ರಾಕ್‌ವೆಲ್ ಮತ್ತು ಸ್ಟ್ಯಾನ್ಲಿ ರಾಕ್‌ವೆಲ್ 1914ರಲ್ಲಿ ಈ ಯಂತ್ರದ ಪೇಟೆಂಟಿಗೆ ಅರ್ಜಿ ಹಾಕಿದರು. 120 ಡಿಗ್ರಿ ಕೋನದ ವಜ್ರದ ಮೊನೆಯನ್ನು ಮೊದಲು 10 ಕಿಲೋಗ್ರಾಂ ಭಾರದಿಂದ ಉಕ್ಕಿನ ಮೇಲೆ ಒತ್ತುತ್ತಾರೆ. ಆಮೇಲೆ ಭಾರವನ್ನು 150ಕ್ಕೆ ಏರಿಸಿ, ಹೆಚ್ಚುವರಿ ಭಾರ ತೆಗೆದು, ಮೊನೆ ಎಷ್ಟು ಹೆಚ್ಚು ಆಳಕ್ಕೆ ಇಳಿದು ಉಳಿದಿದೆ ಎಂದು ಅಳೆಯುತ್ತಾರೆ. ಪ್ರತಿ 0.002 ಮಿಲಿಮೀಟರ್ ಆಳಕ್ಕೆ 100ರಿಂದ ಒಂದು ಅಂಕ ಕಳೆಯುತ್ತಾರೆ. ಲೆಕ್ಕ ಮಾಡಿ ನೋಡಿ. 62 ಎಂದರೆ 38 ಅಂಕ ಕಳೆದಿದೆ, ಆಳ 0.076 ಮಿಲಿಮೀಟರ್. 56 ಎಂದರೆ 44 ಅಂಕ ಕಳೆದಿದೆ, ಆಳ 0.088 ಮಿಲಿಮೀಟರ್. ಆ ಹುಡುಗನ ಎರಡು ಚಾಕುಗಳ ನಡುವಿನ ವ್ಯತ್ಯಾಸ 0.012 ಮಿಲಿಮೀಟರ್. ನಮ್ಮ ತಲೆಗೂದಲು ಇದಕ್ಕಿಂತ ಎಷ್ಟೋ ದಪ್ಪ. ಆದರೆ ಕೈಯಲ್ಲಿ ಹಿಡಿದು ಕೆಲಸ ಮಾಡುವವನಿಗೆ ಈ ಆರು ಅಂಕ ದೊಡ್ಡ ಅಂತರವೇ. 56ರ ಚಾಕು ಹೆಚ್ಚು ಬಳಸಿದರೆ ಬಾಯಿ ಒಂದು ಬದಿಗೆ ಮಗುಚುತ್ತದೆ, ಎರಡು ಸಲ ಮಸೆದರೆ ಸರಿಹೋಗುತ್ತದೆ. 62ರದ್ದು ಮಗುಚುವುದಿಲ್ಲ, ಹರಿತ ಬಹಳ ದಿನ ನಿಲ್ಲುತ್ತದೆ. ಆದರೆ ಸೋತ ದಿನ ಚಕ್ಕೆಯಾಗಿ ಏಳುತ್ತದೆ.

ಈ ಗಡಸು ಎಲ್ಲಿಂದ ಬರುತ್ತದೆ? ಕಾರ್ಬನ್‌ನಿಂದ. ಕೋಣೆಯ ಉಷ್ಣತೆಯಲ್ಲಿ ಕಬ್ಬಿಣದ ಪರಮಾಣುಗಳು ಘನದ ಎಂಟು ಮೂಲೆ ಮತ್ತು ಒಂದು ನಡುಮಧ್ಯ ಎಂಬ ಜೋಡಣೆಯಲ್ಲಿ ಇರುತ್ತವೆ. ಅದರೊಳಗೆ ಕಾರ್ಬನ್ನಿಗೆ ಜಾಗ ಇಲ್ಲವೆನ್ನುವಷ್ಟು ಕಡಿಮೆ. ಕೆಂಪಗೆ ಕಾಯಿಸಿದಾಗ ಜೋಡಣೆ ಬದಲಾಗಿ, ಮೂಲೆಗಳ ಜೊತೆ ಪ್ರತಿ ಮುಖದ ನಡುವೆಯೂ ಪರಮಾಣು ಕೂರುತ್ತದೆ. ಈ ರೂಪಕ್ಕೆ ಆಸ್ಟೆನೈಟ್ ಎಂದು ಹೆಸರು. ಇದರ ಸಂದುಗಳಲ್ಲಿ ಕಾರ್ಬನ್ ಆರಾಮಾಗಿ ಕೂರುತ್ತದೆ. ದ್ವಿತೀಯ ಪಿಯುಸಿಯವರು ಡಿ-ಬ್ಲಾಕ್ ಪಾಠದಲ್ಲಿ ಓದುವ ಇಂಟರ್‌ಸ್ಟಿಷಿಯಲ್ ಸಂಯುಕ್ತಗಳನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ನಿಧಾನ ತಣಿಸಿದರೆ ಕಾರ್ಬನ್ ಹೊರಗೆ ಬಂದು ಬೇರೆ ಪದರವಾಗಿ ಕೂರುತ್ತದೆ, ಉಕ್ಕು ಮೆತ್ತಗಾಗುತ್ತದೆ. ತಟ್ಟನೆ ನೀರಿಗೋ ಎಣ್ಣೆಗೋ ಅದ್ದಿದರೆ ಹೊರಬರಲು ಸಮಯವೇ ಸಿಗುವುದಿಲ್ಲ. ಹಳೆಯ ಜೋಡಣೆಗೆ ಮರಳಲು ಹೊರಟ ಕಬ್ಬಿಣದ ನಡುವೆ ಕಾರ್ಬನ್ ಸಿಕ್ಕಿಬೀಳುತ್ತದೆ. ಹೀಗೆ ಎಳೆದು ಬಿಗಿದ ರೂಪವೇ ಮಾರ್ಟೆನ್ಸೈಟ್. ಅದು ಅರದಷ್ಟು ಗಡಸು, ಆದರೆ ಬಿದ್ದರೆ ಗಾಜಿನ ಹಾಗೆ ಒಡೆಯಬಹುದು.

ಹಾಗಾಗಿ ಕಮ್ಮಾರ ಅಲ್ಲಿಗೆ ನಿಲ್ಲಿಸುವುದಿಲ್ಲ. ಅದ್ದಿದ ಅಲಗನ್ನು ಉಜ್ಜಿ ಹೊಳಪು ಮಾಡಿ, ಮತ್ತೆ ಸಣ್ಣ ಬಿಸಿಯಲ್ಲಿ ಕಾಯಿಸಿ ಹದ ಕೊಡುತ್ತಾನೆ. ಅವನಿಗೆ ಥರ್ಮಾಮೀಟರ್ ಬೇಡ, ಹೊಳಪಿನ ಮೇಲೆ ಕಟ್ಟುವ ತೆಳು ಆಕ್ಸೈಡ್ ಪದರದ ಬಣ್ಣ ನೋಡುತ್ತಾನೆ. 200 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದ ಹಾಗೆ ತೆಳು ಹುಲ್ಲಿನ ಬಣ್ಣ, 250ರ ಸುಮಾರಿಗೆ ಕಂದು, ಆಮೇಲೆ ನೇರಳೆ, 300ರ ಹತ್ತಿರ ನೀಲಿ. ಹುಲ್ಲಿನ ಬಣ್ಣದಲ್ಲಿ ನಿಲ್ಲಿಸಿದರೆ ಚಾಕು, ನೀಲಿಯಲ್ಲಿ ನಿಲ್ಲಿಸಿದರೆ ಸ್ಪ್ರಿಂಗ್. ಪುಸ್ತಕ ಓದದ ಆಚಾರಿಯ ಕಣ್ಣಿನಲ್ಲಿ ಇಷ್ಟೂ ಇರುತ್ತಿತ್ತು.

ಕೆಲಸಕ್ಕೆ ತಕ್ಕ ಹದ ಎಂಬುದಕ್ಕೆ ನಾನು ಕಂಡ ಅತ್ಯುತ್ತಮ ಉದಾಹರಣೆ ಸ್ವಿಸ್ ಸೈನ್ಯದ ಚಾಕು. ಸ್ವಿಟ್ಜರ್ಲೆಂಡಿನ ಇಬಾಖ್ ಎಂಬಲ್ಲಿ 1884ರಲ್ಲಿ ಕಾರ್ಲ್ ಎಲ್ಸನರ್ ಎಂಬವರು ಚಾಕು ತಯಾರಿಕೆ ಆರಂಭಿಸಿದರು. 1891ರಲ್ಲಿ ಅವರ ಚಾಕು ಸೈನಿಕರ ಕೈಸೇರಿತು. ಇಂದಿನ ವಿಕ್ಟೋರಿನಾಕ್ಸ್ ಅದೇ ಕಂಪನಿ. ಆ ಕೆಂಪು ಚಾಕು ನಿಮ್ಮಲ್ಲಿ ಹಲವರ ಮನೆಯಲ್ಲಿ ಇರಬಹುದು, ಗಲ್ಫಿನಿಂದ ಬರುವವರು ತರುತ್ತಿದ್ದ ಸಾಮಾನುಗಳಲ್ಲಿ ಅದೂ ಒಂದು. ಅದರ ಅಲಗಿನ ಗಡಸುತನ 56. ಗರಗಸ ಮತ್ತು ಕತ್ತರಿ 53. ಸ್ಕ್ರೂಡ್ರೈವರ್, ಡಬ್ಬಿ ತೆರೆಯುವ ಮೊನೆ 52. ಒಳಗಿನ ಸ್ಪ್ರಿಂಗ್ 49. ಒಂದೇ ಹಿಡಿಯೊಳಗೆ ನಾಲ್ಕು ಹದ! ತಿರುಚುವ ಸ್ಕ್ರೂಡ್ರೈವರ್ 62 ಇದ್ದರೆ ತುದಿ ಹಾರಿಹೋಗುತ್ತದೆ, ಸಾವಿರಾರು ಸಲ ಬಾಗುವ ಸ್ಪ್ರಿಂಗ್ ಅಷ್ಟು ಗಡಸಿದ್ದರೆ ಒಂದು ದಿನ ಒಳಗೇ ತುಂಡಾಗುತ್ತದೆ. ಅಲಗನ್ನು 60ಕ್ಕೆ ಏರಿಸುವುದು ಅವರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಸಾಮಾನ್ಯ ಜನ ಸಾಮಾನ್ಯ ಕಲ್ಲಿನಲ್ಲಿ ಮಸೆಯಬೇಕು, ಮೊನೆ ಹಾಕಿ ಏನನ್ನಾದರೂ ಮೀಟಿದರೂ ಮುರಿಯಬಾರದು ಎಂಬ ಲೆಕ್ಕ ಅದು.

ಮಾಂಸದಂಗಡಿಯ ಚಾಕುಗಳೂ ಮೆತ್ತಗಿನ ಪಂಗಡದವೇ. ಎಲುಬು ತಾಗಿದರೂ ಚಕ್ಕೆ ಏಳಬಾರದು, ನಡುನಡುವೆ ಉಕ್ಕಿನ ಸಲಾಕೆಗೆ ಎರಡು ಸಲ ತೀಡಿದರೆ ಮಗುಚಿದ ಬಾಯಿ ನೆಟ್ಟಗಾಗಬೇಕು. ಸಲಾಕೆಯಿಂದ ನೆಟ್ಟಗಾಗಬೇಕಾದರೆ ಚಾಕು ಸಲಾಕೆಗಿಂತ ಮೆತ್ತಗಿರಲೇಬೇಕು. ಕುರ್ಬಾನಿಯ ಚಾಕು ಹರಿತವಾಗಿರಬೇಕು, ಪ್ರಾಣಿಗೆ ಹಿಂಸೆಯಾಗಬಾರದು ಎಂಬ ಆದೇಶ ನಮಗೆಲ್ಲ ಗೊತ್ತು. ಬಕ್ರೀದಿಗೆ ಮೊದಲು ಮನೆಗಳಲ್ಲಿ “ಗಟ್ಟಿ ಉಕ್ಕಿನದ್ದು ಬೇಕು” ಎಂದು ಹುಡುಕುವುದನ್ನು ನೋಡಿದ್ದೇನೆ. ಬೇಕಾದದ್ದು ತೆಳುವಾದ ಬಾಯಿ ಮತ್ತು ಚೆನ್ನಾಗಿ ಮಸೆಯುವ ಕೈ. 55ರ ಅಲಗನ್ನೂ ಕೂದಲು ಬೋಳಿಸುವಷ್ಟು ಹರಿತ ಮಾಡಬಹುದು. ಗಡಸುತನ ಹರಿತವನ್ನು ಕೊಡುವುದಿಲ್ಲ, ಕೊಟ್ಟ ಹರಿತವನ್ನು ಉಳಿಸುತ್ತದೆ ಅಷ್ಟೆ.

ಮಾಮನ ಚಾಕು ಮಸೆಗಲ್ಲಿಗೆ ಏಕೆ ಬಗ್ಗಲಿಲ್ಲ? ಕಾರಣ 62 ಎಂಬ ಸಂಖ್ಯೆ ಮಾತ್ರ ಅಲ್ಲ ಎಂದು ಆಮೇಲೆ ತಿಳಿಯಿತು. ಡಿ2 ಉಕ್ಕಿನಲ್ಲಿ ಶೇಕಡಾ 1.5ರಷ್ಟು ಕಾರ್ಬನ್, 12ರಷ್ಟು ಕ್ರೋಮಿಯಂ ಇರುತ್ತದೆ. ಇವೆರಡೂ ಸೇರಿ ಉಕ್ಕಿನೊಳಗೆ ಕ್ರೋಮಿಯಂ ಕಾರ್ಬೈಡ್‌ನ ಸಣ್ಣ ಹರಳುಗಳಾಗುತ್ತವೆ, ಕಾಂಕ್ರೀಟಿನಲ್ಲಿ ಜಲ್ಲಿ ಇದ್ದ ಹಾಗೆ. ಇಷ್ಟು ಸಣ್ಣ ಹರಳುಗಳನ್ನು ರಾಕ್‌ವೆಲ್ ಯಂತ್ರ ಪ್ರತ್ಯೇಕವಾಗಿ ಅಳೆಯಲಾರದು. ಅದಕ್ಕೆ ವಿಕರ್ಸ್ ಎಂಬ ಇನ್ನೊಂದು ಮಾಪಕ ಬೇಕು. ಅದರಲ್ಲಿ 60 ಎಚ್‌ಆರ್‌ಸಿ ಉಕ್ಕು ಸುಮಾರು 700 ಬರುತ್ತದೆ. ಮಾಮನ ಮಸೆಗಲ್ಲು ಮರಳುಕಲ್ಲು, ಅಂದರೆ ಬೆಣಚಿನ ಕಣಗಳು, ಸುಮಾರು 1100. ಸಾದಾ ಕಾರ್ಬನ್ ಉಕ್ಕನ್ನು ಅದು ಚೆನ್ನಾಗಿ ಕೆರೆಯುತ್ತದೆ. ಆದರೆ ಕ್ರೋಮಿಯಂ ಕಾರ್ಬೈಡ್ 1500ಕ್ಕೂ ಮೇಲೆ. ಕಲ್ಲಿಗಿಂತ ಹರಳು ಗಡಸು! ಮಾಮ ಒಂದು ಗಂಟೆ ಮಸೆದದ್ದು ಚಾಕುವನ್ನಲ್ಲ, ಕಲ್ಲನ್ನು. ವನೇಡಿಯಂ ಇರುವ ಎಸ್30ವಿಯಂತಹ ಹೊಸ ಉಕ್ಕುಗಳಲ್ಲಿ ಕಥೆ ಇನ್ನೂ ಮುಂದೆ ಹೋಗುತ್ತದೆ. ವನೇಡಿಯಂ ಕಾರ್ಬೈಡ್ 2500ಕ್ಕೂ ಮೇಲಿರುವುದರಿಂದ ಅಲ್ಯೂಮಿನಿಯಂ ಆಕ್ಸೈಡಿನ ಸಾಣೆಕಲ್ಲೂ ಅದಕ್ಕೆ ಸೋಲುತ್ತದೆ, ವಜ್ರದ ಪುಡಿ ಹಚ್ಚಿದ ತಟ್ಟೆ ಬೇಕಾಗುತ್ತದೆ. ಒಂದೇ 60 ಎಂದು ಬರೆದಿರುವ ಎರಡು ಚಾಕುಗಳು ಕಲ್ಲಿನ ಮೇಲೆ ಬೇರೆಬೇರೆಯಾಗಿ ವರ್ತಿಸುವುದು ಇದರಿಂದಲೇ.

ಇನ್ನೊಂದು ಏಟೂ ಬಿತ್ತು. 12 ಶೇಕಡಾ ಕ್ರೋಮಿಯಂ ಇದೆಯಲ್ಲ, ತುಕ್ಕು ಹಿಡಿಯದು ಎಂದುಕೊಂಡಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅಲಗಿನ ತುಂಬ ಕಲೆ. ತುಕ್ಕನ್ನು ತಡೆಯುವುದು ಕಬ್ಬಿಣದಲ್ಲಿ ಕರಗಿ ಬಿಡುವಾಗಿ ಉಳಿದ ಕ್ರೋಮಿಯಂ. ಡಿ2ನಲ್ಲಿ ಅದರ ಒಂದು ಭಾಗವನ್ನು ಕಾರ್ಬನ್ ಮೊದಲೇ ಕಾರ್ಬೈಡಾಗಿ ಹಿಡಿದಿಟ್ಟುಕೊಂಡಿರುತ್ತದೆ. ಇದಕ್ಕೆ ವಿರುದ್ಧ ತುದಿಯ ಕಥೆಯೂ ಇದೆ. 1913ರಲ್ಲಿ ಶೆಫೀಲ್ಡ್‌ನ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ಮಾಡಿದಾಗ ಅದರಲ್ಲಿ ಕಾರ್ಬನ್ ಬರೀ 0.24 ಶೇಕಡಾ. ಹೊಳೆಯುತ್ತಿತ್ತು, ಆದರೆ ಊರಿನ ಚಾಕು ತಯಾರಕರು ಅವರನ್ನು ಕೊಯ್ಯದ ಚಾಕು ಕಂಡುಹಿಡಿದವನೆಂದು ಗೇಲಿ ಮಾಡಿದರು. ಬೇರೆ ಬಿಸಿಯಲ್ಲಿ, ಬೇರೆ ಹದದಲ್ಲಿ ಅದನ್ನು ಗಡಸು ಮಾಡಬೇಕೆಂಬುದು ಅವರಿಗೆ ನಿಧಾನವಾಗಿ ತಿಳಿಯಿತು.

ಹುಡುಕುತ್ತಾ ಹೋದಾಗ ಸಿಕ್ಕಿದ ಒಂದು ಸಂಗತಿಯನ್ನು ಬಿಡಲು ಮನಸ್ಸಿಲ್ಲ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಎಂಬ ವೈದ್ಯರು ಭಾರತದಿಂದ ಬಂದ ‘ವೂಟ್ಸ್’ ಎಂಬ ಉಕ್ಕಿನ ಬಗ್ಗೆ ಪ್ರಬಂಧ ಓದಿದರು. ವೂಟ್ಸ್ ಎಂಬುದು ನಮ್ಮ ಕನ್ನಡದ ‘ಉಕ್ಕು’ ಎಂಬ ಪದವೇ ಕೆಟ್ಟುಹೋಗಿ ಆದದ್ದು ಎಂದು ಹಲವು ವಿದ್ವಾಂಸರು ಒಪ್ಪುತ್ತಾರೆ. ಆ ಉಕ್ಕನ್ನು ಪರೀಕ್ಷಿಸಲು ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ಕುಶಲಕರ್ಮಿ ಅದರಿಂದ ಮಾಡಿದ್ದು ಏನು ಗೊತ್ತೇ? ಕತ್ತಿಯಲ್ಲ, ಒಂದು ಪೆನ್‌ನೈಫ್! ಕಾರ್ಬನ್ ತುಂಬ ಇದ್ದ ಆ ಉಕ್ಕನ್ನು ಯುರೋಪಿನ ರೂಢಿಯಂತೆ ಬೆಳ್ಳಗೆ ಕಾಯಿಸಿ ಬಡಿದರೆ ಪುಡಿಯಾಗುತ್ತಿತ್ತು. ಸ್ಟೊಡಾರ್ಟ್ ಕತ್ತಲಲ್ಲಿ ಮಾತ್ರ ಕಾಣುವ ಮಂದ ಕೆಂಪಿನಲ್ಲಿ ತಾಳ್ಮೆಯಿಂದ ಬಡಿದರು. ಬಂದ ಬಾಯಿ ಅವರ ಅತ್ಯುತ್ತಮ ಉಕ್ಕಿಗೆ ಸರಿಸಾಟಿಯಾಗಿತ್ತು. ಮುಂದೆ ಇದೇ ಸ್ಟೊಡಾರ್ಟ್ ಜೊತೆ ಕೂಡಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗ ಮಾಡಿದ ತರುಣ ಬೇರೆ ಯಾರೂ ಅಲ್ಲ, ನೀವು ವಿದ್ಯುತ್ಕಾಂತೀಯ ಪ್ರೇರಣೆಯ ಪಾಠದಲ್ಲಿ ಓದುವ ಮೈಕೆಲ್ ಫ್ಯಾರಡೆ. ಅವರ ತಂದೆ ಕಮ್ಮಾರರಾಗಿದ್ದರು.

ಸರಿ, ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ನಿನ್ನ ಮನೆಯಲ್ಲಿ ಯಾವ ಕಲ್ಲು ಇದೆ ಎಂದು ಮೊದಲು ನೋಡು. ತೆಂಗಿನ ಹಗ್ಗ, ರಟ್ಟಿನ ಪೆಟ್ಟಿಗೆ, ಹಣ್ಣು, ಒಮ್ಮೊಮ್ಮೆ ಡಬ್ಬಿಯ ಮುಚ್ಚಳ ಮೀಟುವುದು, ಇಷ್ಟೇ ಕೆಲಸವಾದರೆ 56ರಿಂದ 58ರ ಒಳಗಿನ, ತುಕ್ಕು ಹಿಡಿಯದ ಸಾದಾ ಉಕ್ಕು ನಮ್ಮ ಕರಾವಳಿಯ ಹವೆಗೆ ಸಾಕು. ಕಸಿ ಕಟ್ಟುವಂತಹ, ಮೃದುವಾದುದನ್ನು ಅತಿ ನಯವಾಗಿ ಕೊಯ್ಯುವ ಕೆಲಸವಾದರೆ 58ರಿಂದ 60, ಅದೂ ದೊಡ್ಡ ಕಾರ್ಬೈಡ್ ಹರಳುಗಳಿಲ್ಲದ ಸಾದಾ ಕಾರ್ಬನ್ ಉಕ್ಕು ಒಳ್ಳೆಯದು. ದಿನವೂ ಒರೆಸಿ ಒಂದು ತೊಟ್ಟು ತೆಂಗಿನೆಣ್ಣೆ ಹಚ್ಚುವ ಶಿಸ್ತು ಇರಬೇಕು. 60ರ ಮೇಲಿನದು ಬೇಕೇ ಬೇಕೆಂದರೆ ವಜ್ರದ ತಟ್ಟೆಯ ಬೆಲೆಯನ್ನೂ ಚಾಕುವಿನ ಬೆಲೆಗೆ ಸೇರಿಸಿಕೋ, ಮತ್ತು ಅದರಿಂದ ಏನನ್ನೂ ಮೀಟಬೇಡ. ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆಯನ್ನು ಹಾಗೆಯೇ ನಂಬುವುದೂ ಬೇಡ. ಹಿಡಿಯ ಹತ್ತಿರ, ಅಲಗಿನ ಬೆನ್ನಿಗೆ ಹೊಸ ಅರವನ್ನು ಮೆಲ್ಲಗೆ ತಾಗಿಸಿ ನೋಡು. ಅರ ಕಚ್ಚಿ ಪುಡಿ ಬಂದರೆ ಅದು ಮೆತ್ತಗಿನ ಉಕ್ಕು. ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ 60ರ ಆಸುಪಾಸು. ಅಂಗಡಿಯಲ್ಲೇ ಹೀಗೆ ಮಾಡಲು ಹೋಗಿ ಬೈಗುಳ ತಿಂದರೆ ನನ್ನ ಹೆಸರು ಹೇಳಬೇಡ.

ಮಾಮನಿಗೆ ಮರುವರ್ಷ ಸಾದಾ ಕಾರ್ಬನ್ ಉಕ್ಕಿನ ಕಸಿಚಾಕು ತಂದುಕೊಟ್ಟೆ, ಹಿಂದಿನದರ ಅರ್ಧ ಬೆಲೆಗೆ. ಈ ಸಲ ಕೊಳ್ಳುವ ಮೊದಲು ಅವರ ಮಸೆಗಲ್ಲನ್ನೂ ಹಳೆಯ ಚಾಕುವನ್ನೂ ನೋಡಿ ಬಂದಿದ್ದೆ. “ಇದು ನನ್ನ ಮಾತು ಕೇಳ್ತದೆ” ಎಂದರು. ಗೇರಿನ ಸೊನೆ ತಾಗಿ ಅಲಗು ಈಗ ಕಪ್ಪಗಾಗಿದೆ, ಬಾಯಿ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಡಿ2 ಚಾಕುವನ್ನು ನಾನೇ ವಾಪಸು ತಂದು ವಜ್ರದ ತಟ್ಟೆಯಲ್ಲಿ ನಾಲ್ಕು ಸಂಜೆ ಕೂತು ಹಲ್ಲು ತೆಗೆದೆ. ಈಗ ಅದು ಉಮ್ಮನ ಅಡುಗೆಮನೆಯಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸುತ್ತದೆ. ಅದಕ್ಕೇನೂ ತೊಂದರೆಯಿಲ್ಲ.

ಗಡಸು, ಮೆತ್ತಗೆ, ಹದ ಮೂರನ್ನೂ ಕಣ್ಣಾರೆ ನೋಡಬೇಕೆನ್ನುವವರು ಬರುವ ಶನಿವಾರ ಲುಹರ್ ನಮಾಝಿನ ನಂತರ ಭೌತಶಾಸ್ತ್ರ ಲ್ಯಾಬಿಗೆ ಬನ್ನಿ. ಮೂರು ಹೊಲಿಗೆ ಸೂಜಿಗಳನ್ನು ಬರ್ನರಿನಲ್ಲಿ ಕೆಂಪಗೆ ಕಾಯಿಸುತ್ತೇವೆ. ಒಂದನ್ನು ನಿಧಾನ ತಣಿಸುತ್ತೇವೆ, ಅದು ತಂತಿಯ ಹಾಗೆ ಬಾಗುತ್ತದೆ. ಇನ್ನೊಂದನ್ನು ನೀರಿಗೆ ಅದ್ದುತ್ತೇವೆ, ಅದು ಚಿಟಿಕೆ ಹೊಡೆದ ಹಾಗೆ ಮುರಿಯುತ್ತದೆ. ಮೂರನೆಯದನ್ನು ಅದ್ದಿ, ಉಜ್ಜಿ, ನೀಲಿ ಬರುವವರೆಗೆ ಮತ್ತೆ ಬಿಸಿ ಮಾಡುತ್ತೇವೆ. ಮುರಿಯುವಾಗ ಚೂರು ಹಾರುತ್ತದೆ, ಆದ್ದರಿಂದ ಕನ್ನಡಕ ಲ್ಯಾಬಿನಲ್ಲೇ ಕೊಡುತ್ತೇವೆ. ಸೂಜಿ ತನ್ನಿ. ಚಾಕು ಮಾತ್ರ ಯಾರೂ ಕಾಲೇಜಿಗೆ ತರಬೇಡಿ. ಪ್ರಾಂಶುಪಾಲರಿಗೆ ಉತ್ತರ ಹೇಳಬೇಕಾದವನು ನಾನು.